ಒಳಮಡಿಕೆ

ಹಾಸ್ಟೆಲ್ ಮಕ್ಕಳ ಲಂಗಕ್ಕೆ ಮೂರು ಇಂಚು ಬಿಡುತ್ತೇನೆ ಒಳಗೆ,
ಮನೆಯಿಂದ ಹೋಗಿಬರುವವರಿಗೆ ಒಂದೂವರೆ ಸಾಕು.
ಇದು ಯಾರೂ ಹೇಳಿಕೊಟ್ಟದ್ದಲ್ಲ.
ಹದಿನೇಳು ಮೇ ತಿಂಗಳು ಚೌಕಿಪೇಟೆಯ ಈ ಅಂಗಡಿಯಲ್ಲಿ
ಕಡುನೀಲಿ ಬಟ್ಟೆ ಕತ್ತರಿಸಿ ಕತ್ತರಿಸಿ
ಬೆರಳಿಗೇ ಗೊತ್ತಾದದ್ದು.
ಮನೆಯಲ್ಲಿರುವ ಮಗು ಬೆಳೆದರೆ
ಅವರವ್ವ ಚೀಲದಲ್ಲಿ ಸುತ್ತಿ ತರುತ್ತಾಳೆ,
ಹೊಲಿಗೆ ಬಿಚ್ಚಿ ಇಳಿಸಿಕೊಡಬಹುದು, ನಿಂತ ಹಾಗೇ.
ಹಾಸ್ಟೆಲಿನದು ಬೆಳೆಯುವುದು
ದಸರಾ ರಜೆಯ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ನಂಬರು.
ಕಾಲರಿನ ಒಳಗೆ, ಲಂಗದ ಪಟ್ಟಿಗೆ, ಟವೆಲ್ಲಿನ ಮೂಲೆಗೆ,
ಹೊದಿಕೆಗೆ, ಕಾಲುಚೀಲಕ್ಕೂ.
ಬಟ್ಟೆ ಒಗೆಯುವವನಿಗೆ ಹೆಸರು ಓದಲು ಪುರುಸೊತ್ತಿಲ್ಲವಂತೆ.
ಕೆಂಪು ದಾರದಲ್ಲಿ ೪೧, ೨೦೮, ೧೧೬.
ನಂಬರಿಗೆ ಎರಡು ರೂಪಾಯಿ.
೧೧೬ರ ತಾಯಿ ಹೋದ ವರ್ಷ
ಅದರ ಹಿಂದೆ, ಕಾಣದ ಹಾಗೆ,
ಒಂದು ಅಕ್ಷರ ಹೊಲೀರಿ ಅಂದಳು, 'ಪು' ಅಂತ.
ಪುಟ್ಟಿಯೋ ಪುಷ್ಪಳೋ, ಕೇಳಲಿಲ್ಲ ನಾನು.
ದುಡ್ಡೂ ತಗೊಳ್ಳಲಿಲ್ಲ.

ಈಗ ಅದೇ ಕಟಿಂಗ್ ಟೇಬಲ್ಲಿನ ಮೇಲೆ
ನಮ್ಮ ಜನಾಳ ಅರ್ಜಿ.
ಆರನೇ ಕ್ಲಾಸು, ಅರ್ಧ ಫೀಜು ಮಾಫಿ,
ಬಾತಿ ಕೆರೆಯ ಆಚೆ ಶಾಲೆ, ಗುಡ್ಡದ ಬೆನ್ನಿಗೆ.
ಎರಡು ಚೌಕ: ಡೇ ಸ್ಕಾಲರ್. ರೆಸಿಡೆನ್ಷಿಯಲ್.
ಎಳೆದವನಿಗೆ ಸ್ಕೇಲು ಹಿಡಿಯಲು ಬಂದಿಲ್ಲ,
ಒಂದು ಚೌಕ ತುಸು ದೊಡ್ಡದಿದೆ.

ರುಕ್ಮಾ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದಳು:
ಬಸ್ಸಿಗೆ ಇಷ್ಟು, ಊಟಕ್ಕೆ ಅಷ್ಟು,
ರೈಲ್ವೆ ಗೇಟು ಬಿದ್ದರೆ ಇಪ್ಪತ್ತು ನಿಮಿಷ,
ಅದಕ್ಕೆ ಎಷ್ಟು ಬರೆಯಬೇಕೆಂದು ತಿಳಿಯದೆ ಪೆನ್ನು ಕಚ್ಚಿದಳು.
ಅಣ್ಣ ಫೋನಿನಲ್ಲಿ ನಕ್ಕ:
"ಎಂಟು ಕಿಲೋಮೀಟರಿಗೆ ಹಾಸ್ಟೆಲ್ ಯಾರು ಹಾಕ್ತಾರೋ?
ಮನೇಲಿ ಏನೋ ಜಗಳ ಅಂತಾರೆ ಜನ."
ಹ್ಞೂಂ ಅಂದೆ.
ಒಂದೂವರೆ ಇಂಚಿಗೆ ಚಾಕಿನ ಗೆರೆ ಎಳೆದೂ ಆಗಿತ್ತು.

ಶಾಲೆ ನೋಡಲು ಹೋದ ದಿನ
ವಾರ್ಡನ್ ಮೇಡಮ್ಮು ಲ್ಯಾಬು ತೋರಿಸಿದರು, ಈಜುಕೊಳ ತೋರಿಸಿದರು,
ಇನ್ನೂರು ಚಪಾತಿ ಒಮ್ಮೆಗೇ ಸುಡುವ ಯಂತ್ರ.
ಜನಾ ಯಾವುದನ್ನೂ ನೋಡಲಿಲ್ಲ.
ಮಲಗುವ ಕೋಣೆಯಲ್ಲಿ, ಸಾಲಿನ ಕೊನೆಗೆ,
ಕಿಟಕಿಗೆ ಹತ್ತಿದ ಮಂಚದ ಮೇಲೆ ಅಂಗೈ ಇಟ್ಟು ನಿಂತಳು,
ಹೊಸ ದನದ ಮೈ ಮುಟ್ಟಿದ ಹಾಗೆ.
ಬಗ್ಗಿ ನೋಡಿದಳು.
"ಅಪ್ಪಾ, ಇದರ ಕೆಳಗೆ ಏನೂ ಇಲ್ಲ."

ನಮ್ಮ ಮಂಚದ ಕೆಳಗೆ
ಬಟ್ಟೆಯ ಥಾನು, ಗಿರಾಕಿ ಮರೆತ ಬ್ಲೌಸು, ಜೋಳದ ಡಬ್ಬಿ,
ನಮ್ಮಪ್ಪನ ಕಾಲದ ತಲೆ ಮುರಿದ ಮಷೀನು;
ಮೇಲೆ, ಇಸ್ತ್ರಿಗೆ ಕಾದದ್ದು.
ಅವಳು ಮಲಗುವುದು ಅದೆಲ್ಲ ಇಳಿದ ಮೇಲೆ,
ಉಳಿದ ಜಾಗದಲ್ಲಿ, ನನ್ನ ದೀಪದ ಕೆಳಗೆ,
ಹನ್ನೊಂದಾಗಲಿ, ಹನ್ನೆರಡಾಗಲಿ.
ಒಂದು ದಿನವೂ ಬೇಸರ ಅಂದವಳಲ್ಲ.
ಅನ್ನಲಿಲ್ಲ ಅಂತ, ಇಲ್ಲ ಅಂದುಕೊಂಡಿದ್ದೆ.

ಬರುವಾಗ ಬಸ್ಸಿನಲ್ಲಿ ಕೇಳಿದೆ,
"ರಾತ್ರಿ ಹೆದರಿಕೆ ಆಗಲ್ಲೇನು ಅಲ್ಲಿ?"
"ಆಗ್ತದೆ. ಮನೇಲೂ ಆಗ್ತದೆ,
ನಿನ್ನ ಮಷೀನು ಫಕ್ಕನೆ ನಿಂತಾಗ."
ಆಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿ
ಮೆಣಸಿನಕಾಯಿ ಬಜ್ಜಿ ಮುರಿದು
ತೊಟ್ಟಿನ ಕಡೆಯದು ನನಗೆ ಕೊಟ್ಟಳು.
ಖಾರವೆಲ್ಲ ಅಲ್ಲೇ ಇರುವುದು.

ನಾಳೆ ಕೊನೆಯ ದಿನ.
ಅರ್ಜಿಯ ಮೇಲೆ ಕತ್ತರಿ ಹೇರಿ ಇಟ್ಟಿದ್ದೇನೆ, ಫ್ಯಾನಿನ ಗಾಳಿಗೆ.
ರುಕ್ಮಾ ನಿದ್ದೆ ಬಂದವಳ ಹಾಗೆ ಮಲಗಿದ್ದಾಳೆ.
ಒದ್ದೆ ಬಟ್ಟೆಯಿಂದ ಒಂದೂವರೆಯ ಗೆರೆ ಒರೆಸಿದೆ,
ಪೂರ್ತಿ ಹೋಗಲಿಲ್ಲ, ಮಬ್ಬಾಗಿ ಉಳಿಯಿತು.
ಅದರ ಕೆಳಗೆ ಮೂರಕ್ಕೆ ಇನ್ನೊಂದು ಎಳೆದೆ.
ಬಟ್ಟೆ ಸಾಲುತ್ತದೆ.
ನಾಲ್ಕಕ್ಕೂ ಸಾಲುತ್ತಿತ್ತು.

ನಂಬರು ಇನ್ನೂ ಕೊಟ್ಟಿಲ್ಲ ಅವರು.
ಹೊಲಿಯಲು ಈ ರಾತ್ರಿ ಬೇರೇನೂ ಇಲ್ಲ.
ಸೂಜಿಯಿಂದ ದಾರ ಎಳೆದು ಬಿಟ್ಟು
ಬರಿದೇ ತುಳಿಯುತ್ತಿದ್ದೇನೆ ಮಷೀನು,
ಅವಳು ಮಗ್ಗುಲಾಗುವ ತನಕ.