ಎರಡು ಝ್ವೊತಿಯ ತೂಕ

ಊರಿನ ಹೆಸರು ವೂಚ್. ಹಾಗೆಂದರೆ ದೋಣಿ.
ದೋಣಿ ತೇಲುವಷ್ಟು ನೀರು ಮಾತ್ರ ಇಲ್ಲಿಲ್ಲ,
ಇದ್ದ ಹೊಳೆಗಳನ್ನು ಗಿರಣಿಗಳು ಕುಡಿದು
ಮಿಕ್ಕಿದ್ದನ್ನು ಕೊಳವೆಯೊಳಗೆ ಹೂತವು.
ಇವತ್ತು ಮೈನಸ್ ಹನ್ನೊಂದು.
ಪಾರ್ಕಿನ ಗೇಟಿನ ಮುಂದೆ ಒಂಬತ್ತು ಮಂದಿ,
ಒಂಬತ್ತು ಬಾಯಿಂದ ಒಂಬತ್ತು ಹೊಗೆ;
ದೂರದಿಂದ ನೋಡಿದವರು
ಗಿರಣಿ ಮತ್ತೆ ಶುರುವಾಯಿತೆನ್ನಬೇಕು.

ಮುಂದಾಳು ಲುಡ್ವಿಕಾ. ಎಪ್ಪತ್ತೆಂಟು.
ಗಂಡನ ಹಳೇ ಕೋಟು, ಮೊಮ್ಮಗಳ ಗುಲಾಬಿ ಟೋಪಿ,
ಕೊರಳಲ್ಲಿ ಟೇಪು ಸುತ್ತಿದ ದುರ್ಬೀನು.
"ಮಾತು ಕಮ್ಮಿ. ಜಿಪ್ಪು ಎಳೆಯುವವರು ಈಗಲೇ ಎಳೆದುಕೊಳ್ಳಿ.
ಹಕ್ಕಿ ಕಂಡರೆ ಕೈ ಚಾಚಬೇಡಿ, ಗಡಿಯಾರ ಹೇಳಿ:
ಮರದ ನೆತ್ತಿ ಹನ್ನೆರಡು, ಬಲಗಡೆ ಮೂರು."
ನಾನು ಮೊದಲ ಸಲ ಬಂದವಳು, ಔಷಧಿ ಅಂಗಡಿಯವಳು.
ಮೂರಕ್ಕೆ ಒಂಬತ್ತು ನೋಡುತ್ತ, ಒಂಬತ್ತಕ್ಕೆ ಮೂರು,
ಎರವಲು ದುರ್ಬೀನಿನಲ್ಲಿ ಅರ್ಧ ಗಂಟೆ ಕಂಡದ್ದು
ಬರೀ ನನ್ನದೇ ರೆಪ್ಪೆ.

ಆಮೇಲೆ ಒಂದು ಬುಲ್‌ಫಿಂಚ್, ಕೆಂಪೆದೆ,
ಊಟದ ಮೇಲೆ ಊಟ ಮುಗಿಸಿ ಕೂತ ಬೀಗರ ಹಾಗೆ.
ತಲೆಕೆಳಗಾಗಿ ಕಾಂಡ ಇಳಿಯುವ ನಟ್‌ಹ್ಯಾಚ್.
ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ರೂಕ್ ಕಾಗೆಗಳು.
"ಇವು ಇಲ್ಲಿಯವಲ್ಲ, ಪೂರ್ವದವು,
ಅಲ್ಲಿ ಹಿಮ ಜಾಸ್ತಿಯಾದಾಗ ಬರುತ್ತವೆ" ಎಂದ ವಿತೊಲ್ಡ್,
ಮೂವತ್ತು ವರ್ಷ ಟ್ರಾಮು ಓಡಿಸಿದವನು,
ಯಾರು ಯಾವ ಸ್ಟಾಪಿನಲ್ಲಿ ಹತ್ತಿದರೆಂದು ಬಲ್ಲವನ ಹಾಗೆ.
"ನಾನೂ ಆ ಕಡೆಯವಳೇ" ಎಂದಳು ಲೆಸ್ಯಾ, ಖಾರ್ಕಿವ್‌ನವಳು.
ಯಾರೂ ಏನೂ ಅನ್ನಲಿಲ್ಲ. ಅವಳೇ ನಕ್ಕಳು:
"ಹಿಮಕ್ಕಲ್ಲ, ಬಿಡಿ."

ಸ್ಪ್ರೂಸ್ ಮರಗಳ ಸಾಲು ಬಂದಾಗ ಲುಡ್ವಿಕಾ ನಿಂತಳು.
"ತಿಮೆಕ್, ಬಾ ಇಲ್ಲಿ."
ಹುಡುಗನಿಗೆ ಒಂಬತ್ತು ವರ್ಷ, ಮೂಗು ಸೋರುತ್ತಿದೆ.
ಎಲ್ಲರೂ ಮರ ನೋಡಿದರೆ
ಅವಳು ಅವನ ಮುಖ ನೋಡುತ್ತಾಳೆ.

ನಮಗೆ ಆಮೇಲೆ ಹೇಳಿದಳು, ಫ್ಲಾಸ್ಕಿನ ಟೀ ಬಗ್ಗಿಸುತ್ತ:
"ಮಗ್ಗಗಳು ನನ್ನ ಕಿವಿಯ ಮೇಲಂತಸ್ತು ಬಾಡಿಗೆಗೆ ಹಿಡಿದವು,
ಗಿರಣಿ ಮುಚ್ಚಿದರೂ ಖಾಲಿ ಮಾಡಲಿಲ್ಲ.
ಕೆಳಗಿನ ಸ್ವರ ಕೇಳುತ್ತದೆ: ಕಾಗೆ, ಟ್ರಾಮು,
ಗಂಡ ಇರುವಾಗ ಅವನ ಗೊರಕೆ.
ಈ ಹಕ್ಕಿಯದು ತೀರಾ ಮೇಲೆ.
ಬರುವುದನ್ನೇ ಬಿಟ್ಟಿತು ಅಂದುಕೊಂಡೆ,
ಒಂದು ಇಡೀ ಚಳಿಗಾಲ ಪಟ್ಟಿಯಲ್ಲಿ ಸೊನ್ನೆ ಬರೆದೆ, ಮರುಗಿದೆ.
ಅದು ಬರುತ್ತಲೇ ಇತ್ತು."

ತಿಮೆಕ್ ಕೈ ಎತ್ತಿದ, ಕ್ಲಾಸಿನಲ್ಲಿ ಎತ್ತುವ ಹಾಗೆ.
"ಎಷ್ಟು?"
"ಎರಡು. ಅಲ್ಲ ಅಲ್ಲ, ಒಂದೇ,
ಹೋಗಿ ಹೋಗಿ ಬರ್ತಾ ಇದೆ."
ನನಗೂ ಕೇಳಿಸಿತು: ಸೂಜಿಯ ಕಣ್ಣಿಗೆ
ದಾರ ನುಗ್ಗುವುದಕ್ಕೆ ಸದ್ದಿದ್ದರೆ ಅಷ್ಟು.
ವಿತೊಲ್ಡ್ ಕೂಡ ಹೌದು ಹೌದೆಂದು ತಲೆಯಾಡಿಸಿದ,
ಒಂದು ಗಳಿಗೆ ತಡವಾಗಿ.
ಲುಡ್ವಿಕಾ ನೋಡಿದಳು, ನೋಡದವಳಂತೆ ತಿರುಗಿದಳು.

ಆಗ ಕೊಂಬೆಯ ತುದಿಯಲ್ಲಿ, ನಾಲ್ಕು ಗಂಟೆಗೆ, ಕಂಡಿತು.
ಹಸಿರು ಬೂದು ಮುದ್ದೆ, ನೆತ್ತಿಯಲ್ಲಿ ಒಂದು ಹಳದಿ ಗೀರು,
ಎಣಿಸುವಷ್ಟರಲ್ಲಿ ಇಲ್ಲ.
ಇಲ್ಲಿನವರು ಇದನ್ನು ಇಲಿಯಂಥ ಪುಟ್ಟ ಅರಸು ಎನ್ನುತ್ತಾರೆ.
"ನಮ್ಮಲ್ಲಿ ಚಿನ್ನದ ನೊಣ" ಎಂದಳು ಲೆಸ್ಯಾ.
ಅರಸನೋ ನೊಣವೋ, ಈ ರಾತ್ರಿ ಕಳೆಯಲು
ಇಡೀ ಹಗಲು ತಿನ್ನುತ್ತಲೇ ಇರಬೇಕು.

ಲುಡ್ವಿಕಾ ಜೇಬು ತಡಕಿ ನನ್ನ ಗ್ಲೌಸಿನೊಳಗೆ
ಎರಡು ಝ್ವೊತಿಯ ನಾಣ್ಯವೊಂದನ್ನು ಒತ್ತಿದಳು:
"ಮೂಳೆ, ರೆಕ್ಕೆ, ಹಾಡು, ಎಲ್ಲಾ ಸೇರಿ ಇಷ್ಟೇ ಭಾರ."
ಪೆನ್ನಿನ ಶಾಯಿ ಗಟ್ಟಿಯಾಗಿತ್ತು. ಪೆನ್ಸಿಲಿನಲ್ಲಿ ಬರೆದಳು: ೧,
ಪಕ್ಕದಲ್ಲಿ ಸಣ್ಣಗೆ, ತಿಮೆಕ್.

ಮರಳುವಾಗ ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯದು.
ಟ್ರಾಮ್ ಟಿಕೆಟಿನ ಯಂತ್ರ ಇದ್ದ ಚಿಲ್ಲರೆಯೆಲ್ಲ ನುಂಗಿ
ಇನ್ನೂ ಎರಡು ಝ್ವೊತಿ ಎಂದಿತು.
ನಾಣ್ಯ ಗ್ಲೌಸಿನಲ್ಲೇ ಇತ್ತು, ಅಂಗೈ ಬಿಸಿಗೆ ಬೆಚ್ಚಗಾಗಿ.
ರದ್ದು ಒತ್ತಿದೆ.
ಮನೆ ಆರು ಸ್ಟಾಪು ದೂರ,
ಮುಷ್ಟಿ ಬಿಚ್ಚದೆ ನಡೆದೆ.