ಎಂಟೂ ಹತ್ತರ ಬಸ್ಸಿನಲ್ಲಿ ನನ್ನ ಸೀಟು

ಕಾರು ಕೊಂಡದ್ದು ತಪ್ಪಲ್ಲ, ಮೊದಲೇ ಹೇಳಿಬಿಡುತ್ತೇನೆ.
ಅತ್ತೆಗೆ ಉಬ್ಬಸ. ರಾತ್ರಿ ಎರಡಕ್ಕೆ ವಿನೋಬನಗರದಲ್ಲಿ
ಯಾವ ಬಸ್ಸು ಬಂದು ಬಾಗಿಲು ಬಡಿಯುತ್ತದೆ?
ಆ ರಾತ್ರಿ, ಸೆಕೆಂಡ್‌ಹ್ಯಾಂಡ್ ಬೂದು ಬಣ್ಣದ್ದು,
ಒಂದೇ ಸಲಕ್ಕೆ ಸ್ಟಾರ್ಟ್ ಆಗಿ
ತನ್ನ ಕಂತನ್ನೆಲ್ಲ ತಾನೇ ತೀರಿಸಿತು.

ಆಮೇಲೆ ಬೆಳಗೂ ಅದರಲ್ಲೇ ಹೊರಟೆ
ಜಗಳೂರಿನ ಖಜಾನೆ ಕಚೇರಿಗೆ.
ದಿನಕ್ಕೆ ನಲವತ್ತು ನಿಮಿಷ ಉಳಿಯಿತು.
ಎಲ್ಲಿಟ್ಟೆನೋ, ಇವತ್ತಿಗೂ ಸಿಕ್ಕಿಲ್ಲ.

ಎಂಟೂ ಹತ್ತರ ಬಸ್ಸಿನಲ್ಲಿ ಹನ್ನೊಂದು ವರ್ಷ
ಬಲಗಡೆ, ಮೂರನೆಯ ಸಾಲು, ಕಿಟಕಿ.
ಸರಳಿನ ತುಕ್ಕಿಗೆ ನನ್ನ ಸೀರೆಗಳೆಲ್ಲ ಪರಿಚಯ.
ಪಕ್ಕದಲ್ಲಿ ಖೈರುನ್ಬಿ, ಮಂಡಕ್ಕಿ ಭಟ್ಟಿಯಿಂದ ನೇರ,
ನಾಲ್ಕು ಚೀಲ, ಇನ್ನೂ ಬೆಚ್ಚಗೆ.
ಕಂಡಕ್ಟರ್ ಹೊನ್ನೂರಪ್ಪನೊಂದಿಗೆ ದಿನಾ ಅದೇ ಜಗಳ:
"ಎತ್ತಿ ನೋಡೋ, ಗಾಳಿಗೆ ಲಗೇಜ್ ಹರೀತೀಯೇನು?"
"ಗಾಳಿ ಆದ್ರೂ ಜಾಗ ಹಿಡೀತೈತಲ್ಲ ಯವ್ವಾ."

ಮೊನ್ನೆ ರೈಲ್ವೆ ಗೇಟು ಬಿದ್ದಿತ್ತು.
ಮುಂದೆ ಹದಿನಾಲ್ಕು ಕಾರು, ಹದಿನಾಲ್ಕು ತಲೆ.
ಹದಿನೈದನೆಯದು ನಾನು, ಎ.ಸಿ.ಯಲ್ಲಿ ಬೆವರುತ್ತ.
ಗೂಡ್ಸ್ ಗಾಡಿ. ಐವತ್ತೆಂಟು ಡಬ್ಬಿ ಎಣಿಸುವಷ್ಟರಲ್ಲಿ
ಪಕ್ಕಕ್ಕೆ ಬಂದು ನಿಂತಿತು ಅದೇ ಬಸ್ಸು.
ಅದಕ್ಕೂ ಗೇಟು, ನನಗೂ ಗೇಟು.
ಗಾಜು ಇಳಿಸಿದೆ.

"ಟ್ರೆಜರಿ ಅಕ್ಕಾ, ನಿಮ್ ಸೀಟ್ನಾಗ ಚೀಲ ಕೂರ್ಸೀನಿ.
ಮಾತಿಲ್ಲ ಕತಿಯಿಲ್ಲ, ಬರೇ ಸರಬರ ಅಂತೈತಿ."
ಹೊನ್ನೂರಪ್ಪ ನಗಲಿಲ್ಲ, ಮಷೀನು ಎತ್ತಿ ತೋರಿಸಿದ:
"ಇಪ್ಪತ್ತೊಂದು ಮಂದಿ. ಡಿಪೋದಾಗ ಕೇಳ್ತಾರ್ರೀ,
ಹಿಂಗಾದ್ರ ಈ ಟ್ರಿಪ್ಪು ಯಾಕ ಅಂತ."

ಬಿಳಿಚೋಡು ದಾಟಿದ ಮೇಲೆ ಒಂದು ಕ್ರಾಸು.
ಅಲ್ಲಿ ನಿಂತಿರುತ್ತಾಳೆ ಐಟಿಐ ಹುಡುಗಿ ಓಬಮ್ಮ,
ನೋಟುಬುಕ್ಕಿನ ಜೊತೆ ಸ್ಪ್ಯಾನರು ಹಿಡಿದು.
ಈ ಬಸ್ಸು ತಪ್ಪಿದರೆ ಅವಳಿಗೆ ಮುಂದಿನದು ಹನ್ನೊಂದೂವರೆ.
ನಾನು ದಾಟುವಾಗ ಅವಳು ಕೈ ಎತ್ತುವುದಿಲ್ಲ,
ಕಾರಿಗೆ ಕೈ ಎತ್ತಿ ಅವಳಿಗೆ ರೂಢಿಯಿಲ್ಲ.
ನಿಲ್ಲಿಸಿ ನನಗೂ.

ಗುರುವಾರ ಕಾರಿಗೆ ಹೊದಿಕೆ ಹೊದಿಸಿ ನಡೆದೇ ಹೋದೆ
ಬಸ್ ಸ್ಟ್ಯಾಂಡಿಗೆ. ಪ್ರತಿದಿನ ಹೀಗೆ ಎಂದು
ಮಾತು ಕೊಡಲಾರೆ, ಅತ್ತೆಯ ಎದೆ ಕೇಳಬೇಕು.
ಮೂರನೆಯ ಸಾಲಿನಲ್ಲಿ ಚೀಲ ಕೂತಿತ್ತು, ನನಗಿಂತ ನೆಟ್ಟಗೆ.
ಏಳಿಸಲು ಖೈರುನ್ಬಿಗೂ ಮುಜುಗರ:
ಅದಕ್ಕೆ ಪೂರ್ತಿ ಟಿಕೇಟು, ಹೆಂಗಸು ನನ್ನದು ಸೊನ್ನೆ.
"ಇಪ್ಪತ್ತೆರಡು" ಎಂದ ಹೊನ್ನೂರಪ್ಪ, ಯಾರಿಗೂ ಅಲ್ಲದೆ.

ಕೊನೆಗೆ ತೊಡೆಯ ಮೇಲೆ ತೆಗೆದುಕೊಂಡೆ.
ಕಿಟಕಿ ಮುಚ್ಚಿಹೋಯಿತು. ಕ್ರಾಸು ಬಂದದ್ದು
ಬ್ರೇಕಿನಿಂದ, ಆಮೇಲೆ ಸ್ಪ್ಯಾನರು
ಮೆಟ್ಟಿಲಿಗೆ ತಗುಲಿದ ಸದ್ದಿನಿಂದ ತಿಳಿಯಿತು.
ಜಗಳೂರಿನವರೆಗೂ ಹಾಗೇ ತಬ್ಬಿಕೊಂಡು ಕೂತೆ,
ತೂಕವೇ ಇಲ್ಲ, ಆದರೂ ತೋಳು ಸೋತಿತು.