ಬೇರಿನ ಬಾಲ

ಅವನ ಬಾಯಲ್ಲಿ ಒಂದೇ ಮಾತು ಉಳಿದಿದೆ: ತಾಂಗ್‌ಕುಯಿ.
ನೀರು ಬೇಕಾದರೂ ತಾಂಗ್‌ಕುಯಿ,
ಒಂದಕ್ಕೆ ಹೋಗಬೇಕಾದರೂ ತಾಂಗ್‌ಕುಯಿ,
ಕಿಟಕಿಯಾಚೆ ಹಿಮ ಬಿದ್ದರೆ, ಲಾನ್‌ಚೌದಿಂದ ಮಗಳು ಫೋನು ಮಾಡಿದರೆ,
ನಾನು ಮೈ ಒರೆಸುವಾಗ ನಾಚಿಕೆಯಾದರೆ
ತಾಂಗ್‌ಕುಯಿ, ತಾಂಗ್‌ಕುಯಿ.

ಮೂವತ್ತೊಂದು ವರ್ಷ ಮಿನ್‌ಶಿಯೆನ್ ಸಂತೆಯಲ್ಲಿ
ಆ ಬೇರನ್ನೇ ಆರಿಸಿ, ಮೂಸಿ, ದರ ಕೂಗಿದವನು.
ಮನೆಗೆ ಬೆಂಕಿ ಬಿದ್ದಾಗ
ಕೈಗೆ ಸಿಕ್ಕ ಒಂದು ಪಾತ್ರೆ ಹಿಡಿದು ಹೊರಗೋಡುವವರ ಹಾಗೆ
ಅವನ ಮಿದುಳು ಈ ಮಾತೊಂದನ್ನು ಹಿಡಿದು ಓಡಿಬಂತು.
ನನ್ನ ಹೆಸರನ್ನಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ,
ಆ ಹೆಸರಿನ ಅರ್ಥ 'ಮರಳಿ ಬರಬೇಕು'.
ನೆರೆಯ ಹೆಂಗಸರು ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ.
ನಾನಿಲ್ಲ.
ಕಿಲೋಗೆ ಇಷ್ಟು ಎಂದು ಮಾರಿ ಮಾರಿ
ಸವೆದ ಮಾತು ಅದು ನಮ್ಮ ಮನೆಯಲ್ಲಿ.

ಎಷ್ಟು ಹೊತ್ತಿಗೆ ಆಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದರು.
ಹೆಪ್ಪು ಕರಗಿಸುವ ಸೂಜಿಗೆ ಗಂಟೆಯ ಲೆಕ್ಕ ಬೇಕಂತೆ.
ಪಕ್ಕದಲ್ಲೇ ಮಲಗಿದ್ದೆ ನಾನು.
ಗೊತ್ತಿರಲಿಲ್ಲ.

ಚಿತ್ರದಲ್ಲಿ ಎಡಗಡೆ ಒಂದು ಮಚ್ಚೆ
ಆಲೂಗೆಡ್ಡೆಗೆ ಹಿಡಿದ ಕೊಳೆಯಂತೆ,
ಅದರ ಸುತ್ತ ಬೂದುಬಣ್ಣದ ಅಂಚು.
ಕಪ್ಪಾದದ್ದು ಹೋಯಿತು ತಾಯೀ, ಎಂದಳು ಎಳೆಯ ಡಾಕ್ಟರು,
ಅಂಚನ್ನಾದರೂ ಕಾಯೋಣ.

ಊರಿಗೆ ಬಂದ ಮೇಲೆ ಮುದುಕ ವೈದ್ಯ ಪಾಂಗ್
ಮೂರು ಬೆರಳಿಟ್ಟು ನಾಡಿ ಹಿಡಿದು
ಕಣ್ಣು ಮುಚ್ಚಿದ, ನಿದ್ದೆ ಹೋದನೋ ಎಂಬಷ್ಟು ಹೊತ್ತು.
ಆಮೇಲೆ ಬರೆದ: ಹ್ವಾಂಗ್‌ಛಿ ಬೊಗಸೆ ತುಂಬ,
ಮಿಕ್ಕಿದ್ದೆಲ್ಲ ಚಿಟಿಕೆ, ಕುಸುಬೆ ಹೂ, ಪೀಚ್ ಬೀಜದ ತಿರುಳು,
ತಾಂಗ್‌ಕುಯಿಯ ಬಾಲ,
ಕೊನೆಗೆ ನೆಲದ ಡ್ರ್ಯಾಗನ್.

ನೆಲದ ಡ್ರ್ಯಾಗನ್ ಎಂದರೆ ಒಣಗಿಸಿದ ಎರೆಹುಳ.
ಗಟ್ಟಿ ಮಣ್ಣಲ್ಲಿ ದಾರಿ ಕೊರೆಯುತ್ತದಲ್ಲ,
ನರದಲ್ಲೂ ಕೊರೆದೀತು ಎಂಬ ನಂಬಿಕೆ.
ಹುಳಕ್ಕೆ ಇಂಥ ಹೆಸರಿಟ್ಟ ಜನ ನಾವು,
ರೋಗ ಅರ್ಧ ಹೆದರುವುದು
ಹೆಸರಿಗೇ ಇರಬೇಕು.

ಮಾತ್ರೆ ನಿಲ್ಲಿಸಬೇಡ ಎಂದಳು ಮಗಳು,
ಕಷಾಯ ಕುಡಿಸುತ್ತಿದ್ದೀನಿ ಅಂತ ಡಾಕ್ಟರಿಗೆ ಹೇಳು, ಮುಚ್ಚಿಡಬೇಡ.
ಹೇಳಿದೆ. ಎರಡೂ ರಕ್ತ ತೆಳುವಾಗಿಸುವವೇ ಎಂದು
ಬೈದು, ರಕ್ತ ತೆಗೆಸಿ ನೋಡಿ,
ಕಷಾಯ ಅರ್ಧ ಮಾಡಿಸಿದಳು ಆಕೆ.
ಪಾಂಗ್ ಮೂರು ದಿನ ಮುನಿಸಿಕೊಂಡ.
ನಾನು ಇಬ್ಬರ ಮಾತೂ ಕೇಳುವವಳು,
ಒಂದೇ ದೇವರನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ನಲವತ್ಮೂರನೆಯ ದಿನ.
ಅಂಗಡಿಯ ಹುಡುಗ ಹೊಸಬ,
ತಲೆ ಮೈ ಬಾಲ ಎಲ್ಲ ಕೂಡಿಸಿ ಕತ್ತರಿಸಿ ಕಟ್ಟಿಕೊಟ್ಟಿದ್ದ.
ಬೇರಿನ ತಲೆ ರಕ್ತವನ್ನು ತಡೆಯುತ್ತದೆ, ಮೈ ಪೊರೆಯುತ್ತದೆ,
ಬಾಲ ಓಡಿಸುತ್ತದೆ ಎಂದು
ಮದುವೆಯಾದ ಹೊಸದರಲ್ಲಿ ಇವನೇ ಹೇಳಿದ್ದ;
ಆಗ ನಾನು ಆಕಳಿಸುತ್ತಿದ್ದೆ.
ಹಾಸಿಗೆಯ ಮೇಲೆ ಹಳೇ ಪೇಪರು ಹಾಸಿ ಸುರಿದೆ.
ಕೋಣೆಯೆಲ್ಲ ಆ ಕಹಿ-ಸಿಹಿ ಘಾಟು.

ಎಡಗೈ ಎದ್ದಿತು.
ಎಂದೂ ಊಟದ ಕಡ್ಡಿ ಹಿಡಿಯದ, ದಡ್ಡ ಕೈ.
ಒಂದು ಬಿಲ್ಲೆ ಎತ್ತಿ ಮೂಗಿಗೆ ತಂದು
ಆಚೆ ಇಟ್ಟಿತು. ಇನ್ನೊಂದನ್ನು ಈಚೆ.
ತುಸು ಹೊತ್ತಿಗೆ ಮೂರು ಗುಡ್ಡೆ.
ಸಣ್ಣ ನಾರುನಾರು ಗುಡ್ಡೆಯನ್ನು ನನ್ನೆಡೆಗೆ ನೂಕಿ
ಕೆಲಸ ಬಾರದ ಆಳನ್ನು ನೋಡುವ ಹಾಗೆ ನೋಡಿದ.

ತಾಂಗ್‌ಕುಯಿ, ಎಂದ.
ನಿಂತ. ತುಟಿ ವಾರೆಯಾಗಿ ಏನನ್ನೋ ತಡಕಿತು,
ಕತ್ತಲಲ್ಲಿ ಮೆಟ್ಟು ಹುಡುಕುವ ಕಾಲಿನಂತೆ.
ವೇ, ಎಂದ.
ಬಾಲ.

ಕಷಾಯವೋ, ಮಾತ್ರೆಯೋ, ಬರೀ ದಿನಗಳೋ,
ನನ್ನನ್ನು ಕೇಳಬೇಡಿ.
ಎರಡನೆಯ ಮಾತು. ಅದೂ ನನ್ನ ಹೆಸರಲ್ಲ.
ಒಲೆಯ ಮೇಲೆ ಹ್ವಾಂಗ್‌ಛಿ ಉಕ್ಕುತ್ತಿತ್ತು,
ಉರಿ ತಗ್ಗಿಸಲು ಎದ್ದೆ.